ಎಲ್ಲರ ಪೆಟ್ಟಿಗೆ

ಸತ್ತವರನ್ನು ಮಲಗಿಸುವ ಪೆಟ್ಟಿಗೆ ಮಾರಿ ಬದುಕುವವನಿಗೆ ಜನ ಎದುರಿಗೆ ಕೈ ಮುಗಿಯುತ್ತಾರೆ, ಬೆನ್ನ ಹಿಂದೆ ಒಂದು ಅಡ್ಡಹೆಸರು ಇಟ್ಟೇ ಇಡುತ್ತಾರೆ. ಇವನಿಗೆ ಇಟ್ಟದ್ದು ಪಾಲಿಶ್ ಸಾಹುಕಾರ. ಹೆಸರೇನೂ ಸುಳ್ಳಲ್ಲ. ಅವನ ಅಂಗಡಿಯಲ್ಲಿ ಗಾಜಿನ ಬಾಗಿಲು, ಪೆಟ್ಟಿಗೆಗಳ ಹಿತ್ತಾಳೆ ಹಿಡಿ, ಸಾಹುಕಾರನ ಬೂಟು, ಅವನ ಬೋಳುತಲೆ, ಎಲ್ಲವೂ ಮಿರಮಿರ ಮಿಂಚುತ್ತಿದ್ದವು.

ಅಂಗಡಿಯಲ್ಲಿ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ. ಹಿಂದುಗಡೆ ಕತ್ತಲಲ್ಲಿ ಸಾದಾ ಮರದವು, ನಡುವೆ ತೇಗದವು, ಬೀದಿಗೆ ಕಾಣುವಂತೆ ಮುಂದೆ ದುಬಾರಿ ಮಹಾಗನಿ ಮರದವು, ಅವುಗಳ ಒಳಗೆ ಮೆತ್ತೆ, ಮೆತ್ತೆಯ ಮೇಲೆ ಸ್ಯಾಟಿನ್ ಬಟ್ಟೆ. ಗಿರಾಕಿ ಹಿಂದಿನ ಸಾಲಿನತ್ತ ಹೆಜ್ಜೆ ಹಾಕಿದರೆ ಸಾಹುಕಾರ ತಡೆಯುತ್ತಿರಲಿಲ್ಲ. "ಅಪ್ಪ ಅಂತ ಇರೋದು ಒಬ್ರೇ ಅಲ್ವಾ," ಎಂದು ಮೆಲ್ಲಗೆ ನಿಟ್ಟುಸಿರು ಬಿಡುತ್ತಿದ್ದ, ಅಷ್ಟೇ. ಗಿರಾಕಿಯ ಕಾಲು ತಾನಾಗಿ ನಡುವಿನ ಸಾಲಿಗೆ ತಿರುಗುತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾದ ವ್ಯಾಪಾರ.

ಹಾಗಂತ ಅವನು ಕೆಟ್ಟವನಲ್ಲ. ಭಾನುವಾರದ ಪೂಜೆ ತಪ್ಪಿಸಿದವನಲ್ಲ, ಚರ್ಚಿಗೆ ಕೊಡುವಾಗ ಕೈ ಬಿಗಿಹಿಡಿದವನಲ್ಲ. ಫ್ಯಾನು ಕೊಟ್ಟಿದ್ದ, ಬೆಂಚು ಕೊಟ್ಟಿದ್ದ, ಗಂಟೆಗೆ ಹೊಸ ಹಗ್ಗ ಕೊಟ್ಟಿದ್ದ. ಕೊಟ್ಟದ್ದರ ಮೇಲೆಲ್ಲ ತನ್ನ ಹೆಸರು ಕೆತ್ತಿಸಿದ್ದ. ಹಗ್ಗದ ಮೇಲೆ ಕೆತ್ತಲು ಆಗದೆ ಹೋದದ್ದಕ್ಕೆ ಅವನಿಗೆ ಇವತ್ತಿಗೂ ಸ್ವಲ್ಪ ಬೇಸರವಿದೆ.

ಆ ಚರ್ಚಿನಲ್ಲಿ, ಗಂಟೆಗೋಪುರದ ಮೆಟ್ಟಿಲ ಪಕ್ಕದ ಕೋಣೆಯಲ್ಲಿ, ಇನ್ನೊಂದು ಪೆಟ್ಟಿಗೆ ಇತ್ತು. ಬಣ್ಣವಿಲ್ಲದ ಮರ, ಹಿಡಿಯಲು ಹಗ್ಗದ ಕುಣಿಕೆಗಳು. ಅದನ್ನು ಎಲ್ಲರ ಪೆಟ್ಟಿಗೆ ಎನ್ನುತ್ತಿದ್ದರು. ಸ್ವಂತ ಪೆಟ್ಟಿಗೆ ಕೊಳ್ಳಲಾಗದವರನ್ನು ಅದರಲ್ಲಿ ಮಲಗಿಸಿ ಸ್ಮಶಾನದವರೆಗೆ ಹೊರುತ್ತಿದ್ದರು. ಅಲ್ಲಿ ಮುಚ್ಚಳ ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿದ ದೇಹವನ್ನು ಎತ್ತಿ ಇಳಿಸಬೇಕು. ಮನೆಯವರು ಗುಂಡಿಯೊಳಗೆ ಇಳಿದು ನಿಂತು, ತಮ್ಮ ತೋಳಲ್ಲಿ ತೆಗೆದುಕೊಂಡು ಮಣ್ಣಿನ ಮೇಲೆ ಮಲಗಿಸಬೇಕು. ಆಮೇಲೆ ಆ ಮನೆಯವರೇ ಖಾಲಿ ಪೆಟ್ಟಿಗೆಯನ್ನು ಚರ್ಚಿಗೆ ಹೊತ್ತು ತಂದು, ಒರೆಸಿ, ಮುಂದಿನವರಿಗಾಗಿ ಇಡಬೇಕು. ಹೆಸರಿಗೇನೋ ಎಲ್ಲರದು, ಆದರೆ ಅದರಲ್ಲಿ ಹೋಗುತ್ತಿದ್ದವರು ಕೈಯಲ್ಲಿ ಏನೂ ಇಲ್ಲದವರು ಮಾತ್ರ. ಸಾಹುಕಾರನ ಗಾಜಿನ ಅಂಗಡಿ ಬಂದ ಮೇಲೆ ಅವರಿಗೂ ಅದು ನಾಚಿಕೆಯ ವಿಷಯವಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ ಇದ್ದಬದ್ದದ್ದನ್ನು ಮಾರಿ ತೇಗದ ಸಾಲಿಗೆ ಬಂದು ನಿಲ್ಲುತ್ತಿದ್ದರು. ಎಲ್ಲರ ಪೆಟ್ಟಿಗೆಯ ಮೇಲೆ ಧೂಳು ಕೂತಿತು.

ಸಾಹುಕಾರನ ಅಪ್ಪ ಹೋದದ್ದು ಅದೇ ಪೆಟ್ಟಿಗೆಯಲ್ಲಿ. ಆಗ ಇವನು ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ಅಪ್ಪನನ್ನು ಹೊರಗೆ ತೆಗೆದು ಪೆಟ್ಟಿಗೆಯನ್ನು ವಾಪಸ್ ಒಯ್ದದ್ದನ್ನು ಕಂಡು ಮನೆಗೆ ಓಡಿ ಮಂಚದ ಕೆಳಗೆ ಅಡಗಿ ಕೂತಿದ್ದ. ಅಪ್ಪನಿಗೆ ತನ್ನದು ಅಂತ ಒಂದು ಪೆಟ್ಟಿಗೆಯೂ ಇರಲಿಲ್ಲ ಎಂಬ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಅಂಗಡಿ, ಗಾಜು, ಹಿತ್ತಾಳೆ ಎಲ್ಲ ಹುಟ್ಟಿದ್ದು ಆ ಮುಳ್ಳಿನಿಂದಲೇ. ಅವಮಾನ ಒಳ್ಳೆಯ ಬಂಡವಾಳ ಸ್ವಾಮಿ, ಬಡ್ಡಿ ಮಾತ್ರ ಬೇರೆಯವರು ಕಟ್ಟುತ್ತಾರೆ.

ಅವನ ಅಮ್ಮನ ರೀತಿಯೇ ಬೇರೆ. ಗಂಡ ಹೋದ ಮೇಲೆ ಚರ್ಚಿನ ಬಟ್ಟೆಬರೆ ಒಗೆದು ಮಗನನ್ನು ಬೆಳೆಸಿದವಳು. ಈಗ ಮಗನ ದೊಡ್ಡ ಮನೆಯಲ್ಲಿ, ಬೀದಿ ಕಡೆಯ ಕೋಣೆಯಲ್ಲಿ, ಕಿಟಕಿಗೆ ಆತು ಕೂತಿರುತ್ತಿದ್ದಳು. ಮಗ ತಂದುಕೊಟ್ಟ ಉಣ್ಣೆಯ ಹೊದಿಕೆ ವಾರ ಕಳೆಯುವುದರೊಳಗೆ ಮಾಯ.

"ಎಲ್ಲಮ್ಮಾ ಹೊದಿಕೆ?"

"ಪಾಪ, ಅದಕ್ಕೇ ಚಳಿ ಆಗ್ತಿತ್ತು ಕಣೋ. ಯಾರನ್ನೋ ಅಪ್ಕೊಂಡು ಹೋಯ್ತು."

ಮಗ ಇನ್ನೊಂದು ತರುತ್ತಿದ್ದ. ಅದಕ್ಕೂ ಚಳಿಯಾಗುತ್ತಿತ್ತು. ಆ ಮುದುಕಿ ಕೊಡುತ್ತಿದ್ದ ಬಗೆ ನೋಡಬೇಕಿತ್ತು. ಕೊಡುವಾಗ ಮುಖದಲ್ಲಿ ದಯೆ ಗಿಯೆ ಏನೂ ಇರುತ್ತಿರಲಿಲ್ಲ, ಯಾರದೋ ಸಾಮಾನು ಇಷ್ಟು ದಿನ ತನ್ನಲ್ಲಿ ಉಳಿದಿತ್ತು ಅನ್ನುವ ಸಣ್ಣ ಸಂಕೋಚ ಮಾತ್ರ. ಇಸಕೊಂಡವರು ತಲೆ ತಗ್ಗಿಸಬೇಕಾಗಿಯೇ ಬರುತ್ತಿರಲಿಲ್ಲ. ಅಂಥ ಕೈ ಲಕ್ಷಕ್ಕೊಂದು.

ಮೂಲೆಯ ಇಸ್ತ್ರಿ ಅಂಗಡಿಯವಳ ಗಂಡ ತೀರಿಕೊಂಡಾಗ ಆಕೆಯೂ ತೇಗದ ಪೆಟ್ಟಿಗೆಯನ್ನೇ ಕೊಂಡಳು. ತಿಂಗಳು ಕಳೆದರೂ ಅವಳ ಅಂಗಡಿ ತೆರೆಯಲಿಲ್ಲ. ಅಮ್ಮ ಕಿಟಕಿಯಿಂದ ಕರೆದು ವಿಚಾರಿಸಿದಳು. ಆ ಪೆಟ್ಟಿಗೆಗಾಗಿ ಇಸ್ತ್ರಿ, ಮೇಜು ಎಲ್ಲ ಮಾರಿ, ಈಗ ಬೇರೆಯವರ ಅಂಗಡಿಯಲ್ಲಿ ಕೂಲಿಗೆ ನಿಂತಿದ್ದಳು.

ಅಷ್ಟು ಹೊತ್ತಿಗಾಗಲೇ ಅಮ್ಮನ ಉಸಿರು ಕ್ಷೀಣಿಸಿತ್ತು. ಅವತ್ತು ಸಂಜೆ ಮಗನನ್ನು ಮಂಚದ ಪಕ್ಕ ಕೂರಿಸಿಕೊಂಡಳು. ಸೊಸೆ ಔಷಧಿ ಕಲಸುತ್ತ ಅಲ್ಲೇ ನಿಂತಿದ್ದಳು.

"ನನ್ನನ್ನ ಎಲ್ಲರ ಪೆಟ್ಟಿಗೆಯಲ್ಲಿ ಕಳಿಸ್ಬೇಕು ಕಣೋ."

ಸಾಹುಕಾರ ನಕ್ಕ. "ಏನಮ್ಮಾ ಮಾತು! ನಿಂಗೆ ಅಂತ ಎಂಥಾ ಮಹಾಗನಿ ಎತ್ತಿಟ್ಟಿದ್ದೀನಿ ಗೊತ್ತಾ?"

"ಗೊತ್ತು. ಚೆನ್ನಾಗೇ ಇರುತ್ತೆ. ಆದ್ರೆ ಆ ಹುಡುಗಿ ಹೊಟ್ಟೆಪಾಡಿನ ಇಸ್ತ್ರಿ ಮಾರ್ಕೊಂಡಿದ್ದು ಯಾಕೆ ಹೇಳು? ಎಲ್ಲರ ಪೆಟ್ಟಿಗೆ ಅಂದ್ರೆ ನಾಚಿಕೆ ಅಂತ. ಪೆಟ್ಟಿಗೆ ಸಾಹುಕಾರನ ತಾಯೀನೇ ಅದ್ರಲ್ಲಿ ಹೋದ್ಳು ಅಂದ್ರೆ, ಇನ್ಯಾರಿಗೋ ನಾಚಿಕೆ? ದುಡ್ಡು ನೀನೂ ಕೊಡ್ತೀಯ, ಯಾರು ಬೇಕಾದ್ರೂ ಕೊಡ್ತಾರೆ. ಇದನ್ನ ನಾನೊಬ್ಳೇ ಕೊಡಕ್ಕಾಗೋದು."

"ಜನ ಏನಂತಾರಮ್ಮಾ?"

"ಯೇಸುಸ್ವಾಮೀನ ಇಟ್ಟಿದ್ದು ಬೇರೆಯವರ ಗೋರಿಯಲ್ಲಿ. ಅವ್ರಿಗೆ ಯಾರೇನಂದ್ರು?"

ಸಾಹುಕಾರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ "ಮೊದ್ಲು ನೀನು ಹುಷಾರಾಗು" ಎಂದು ಎದ್ದುಹೋದ.

ಅಮ್ಮ ಹುಷಾರಾಗಲಿಲ್ಲ. ಒಂದು ಬೆಳಿಗ್ಗೆ ಸೊಸೆ ಹಾಲು ತಂದಾಗ ಕಿಟಕಿಯ ಕಡೆ ಮುಖ ಮಾಡಿ ಮಲಗಿದಂತೆಯೇ ಹೋಗಿದ್ದಳು.

ಬಿಸಿಲೇರುವ ಮುಂಚೆಯೇ ಅಂಗಡಿಯ ಮೇಸ್ತ್ರಿ ಆಳುಗಳೊಂದಿಗೆ ಮಹಾಗನಿ ಪೆಟ್ಟಿಗೆಯನ್ನು ತಂದು ಹಜಾರದಲ್ಲಿ ಇಳಿಸಿದ. ಬಂದವರೆಲ್ಲ ಮೊದಲು ಅಮ್ಮನನ್ನು ನೋಡಿ ಕಣ್ಣು ಒರೆಸಿಕೊಂಡರು, ಆಮೇಲೆ ಪೆಟ್ಟಿಗೆ ನೋಡಿ ಕಣ್ಣರಳಿಸಿದರು. ಸಾಹುಕಾರನ ಹೆಂಡತಿ ಅವನನ್ನು ಒಳಗೆ ಕರೆದಳು.

"ರೀ, ಅತ್ತೆ ಹೇಳಿದ್ದು ನಾನೂ ಕೇಳಿಸ್ಕೊಂಡಿದ್ದೀನಿ."

"ನಿಂಗೆ ಗೊತ್ತಾಗಲ್ಲ ಸುಮ್ನಿರು. ಪೆಟ್ಟಿಗೆ ಮಾರೋನು ಹೆತ್ತ ತಾಯಿಗೆ ಒಂದು ಪೆಟ್ಟಿಗೆ ಕೊಡ್ಲಿಲ್ಲ ಅಂತಾರೆ. ಎಂಜಲು ಕೈಯಲ್ಲಿ ಕಾಗೆ ಓಡಿಸಲ್ಲ ಅಂತಾರೆ. ನಾಳೆ ಯಾವ ಮುಖ ಇಟ್ಕೊಂಡು ಅಂಗಡಿ ಬಾಗಿಲು ತೆಗೀಲಿ?"

ಅಷ್ಟರಲ್ಲಿ ಫಾದರ್ ಬಂದರು. ವಯಸ್ಸಿನಲ್ಲಿ ಸಾಹುಕಾರನಿಗಿಂತ ಚಿಕ್ಕವರು, ಮಾತು ಕಡಿಮೆ. "ಅಮ್ಮ ನನಗೂ ಹೇಳಿದ್ದರು," ಎಂದರು. "ಆದ್ರೆ ನೀವು ಮಗ. ನೀವು ಯಾವುದು ಅಂತೀರೋ ಅದನ್ನೇ ಆಶೀರ್ವಾದ ಮಾಡ್ತೀನಿ." ಬೈದಿದ್ದರೆ ಸಾಹುಕಾರ ತಿರುಗಿ ಬೈಯಬಹುದಿತ್ತು. ಈಗ ಮಾತು ತಿರುಗಿಸಿದ.

"ಮೊದ್ಲು ಅಮ್ಮನಿಗೆ ಒಳ್ಳೆ ಬಟ್ಟೆ ಉಡ್ಸಿ," ಎಂದು ಬೀರುವಿನ ಬಾಗಿಲನ್ನು ತಾನೇ ತೆರೆದ. ತಾನು ವರ್ಷವರ್ಷ ತಂದುಕೊಟ್ಟ ರೇಷ್ಮೆ, ಉಣ್ಣೆ, ಕಸೂತಿಯ ಬಟ್ಟೆ ಅಲ್ಲಿರಬೇಕಿತ್ತು. ಒಂದೂ ಇರಲಿಲ್ಲ. ಮನೆಯಲ್ಲಿ ಉಡುವ ಹಳೆಯ ಬಟ್ಟೆ ಒಂದು ಜೊತೆ. ಕೆಳಗಿನ ಅರೆಯಲ್ಲಿ, ಒಗೆದು, ಗಂಜಿ ಹಾಕಿ, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟ ಉದ್ದನೆಯ ಬಿಳಿ ಬಟ್ಟೆ. ಎಲ್ಲರ ಪೆಟ್ಟಿಗೆಯಲ್ಲಿ ಹೋಗುವವರಿಗೆ ಸುತ್ತುವಂಥದ್ದು. ಊರು ಬಿಡುವವಳು ಸಾಮಾನನ್ನೆಲ್ಲ ಮೊದಲೇ ಸಾಗಿಸಿ, ದಾರಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡಿದ್ದಳು.

ಸಾಹುಕಾರ ಬೀರುವಿನ ಮುಂದೆ ನೆಲದ ಮೇಲೆ ಕೂತುಬಿಟ್ಟ. ಬರಿಗೈಯಲ್ಲಿ ಇಷ್ಟು ಧೈರ್ಯವಾಗಿ ಹೊರಟವಳನ್ನು ಸ್ಯಾಟಿನ್ ಮೆತ್ತೆಯ ಮೇಲೆ ಹೇಗೆ ಮಲಗಿಸುವುದು? ಅವನಿಗೆ ದುಃಖವಾಯಿತು, ಸಿಟ್ಟೂ ಬಂತು, ಅವೆರಡಕ್ಕಿಂತ ಹೆಚ್ಚಾಗಿ ಬೆರಗಾಯಿತು. ತನ್ನ ಮನೆಯಲ್ಲೇ ಇಷ್ಟು ದೊಡ್ಡ ಮನಸ್ಸಿನವಳು ಇದ್ದಳು, ತಾನು ಅವಳಿಗೆ ಹೊದಿಕೆ ತರುತ್ತಿದ್ದೆ ಎಂದುಕೊಂಡ.

ಹೊರಗೆ ಬಂದು ಮೇಸ್ತ್ರಿಗೆ ಹೇಳಿದ, "ಇದನ್ನ ವಾಪಸ್ ತಗೊಂಡ್ಹೋಗು. ಚರ್ಚಿಂದ ಅದನ್ನ ತರ್ಸು."

"ಯಾವುದನ್ನ ಯಜಮಾನ್ರೇ?"

"ಎಲ್ಲರ ಪೆಟ್ಟಿಗೇನ ಕಣಯ್ಯ!" ಎಂದು ಗದರಿದ.

ಸ್ಮಶಾನದಲ್ಲಿ ಇನ್ನೊಂದು ಎಡವಟ್ಟು ಕಾದಿತ್ತು. ಎಲ್ಲರ ಪೆಟ್ಟಿಗೆಯಲ್ಲಿ ಬರುವವರಿಗೆ ಗುಂಡಿಯನ್ನು ಅಗಲವಾಗಿ ತೋಡಿ, ಪಕ್ಕದಲ್ಲಿ ಮೆಟ್ಟಿಲು ಬಿಡುವುದು ವಾಡಿಕೆ, ಇಬ್ಬರು ನಿಂತು ಇಳಿಸಿಕೊಳ್ಳಲಿ ಅಂತ. ಪೆಟ್ಟಿಗೆ ಸಾಹುಕಾರನ ತಾಯಿ ಅಂದಮೇಲೆ ಮಹಾಗನಿಯಲ್ಲದೆ ಇನ್ನೇನು ಬಂದೀತು ಎಂದು ಗುಂಡಿ ತೋಡುವ ಮುದುಕ ನೆಟ್ಟಗೆ, ಆಳವಾಗಿ, ಮಹಾಗನಿಯ ಅಳತೆಗೇ ತೋಡಿಟ್ಟಿದ್ದ. ಬಣ್ಣವಿಲ್ಲದ ಪೆಟ್ಟಿಗೆ ಬಂದದ್ದು ಕಂಡು ತಲೆಯ ಮೇಲೆ ಕೈ ಇಟ್ಟುಕೊಂಡ.

"ಇದ್ರಲ್ಲಿ ಇಬ್ರು ನಿಲ್ಲಕ್ಕಾಗಲ್ಲ ಸಾಹುಕಾರ್ರೇ. ಒಬ್ರು ನಿಲ್ಬಹುದು, ಅಷ್ಟೇ. ಸ್ವಲ್ಪ ತಡೆದ್ರೆ ಅಗಲ ಮಾಡ್ತೀನಿ. ಇಲ್ಲ, ನಾನೇ ಇಳೀತೀನಿ."

ಸಾಹುಕಾರ ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. ಮಿಂಚುವ ಬೂಟು ಬಿಚ್ಚಿದ. ದಪ್ಪ ಮೈ, ಇಳಿಯುವುದೇ ಕಷ್ಟವಾಯಿತು. ಜಾರಿ ತಳ ಮುಟ್ಟಿದಾಗ ಅಂಗಿಯೆಲ್ಲ ಮಣ್ಣು. ಮೇಲಿನವರು ಬಿಳಿ ಬಟ್ಟೆಯ ಅಂಚುಗಳನ್ನು ಹಿಡಿದು ಅಮ್ಮನನ್ನು ನಿಧಾನವಾಗಿ ಇಳಿಸಿದರು. ಅವನು ತೋಳು ಚಾಚಿದ.

ಟೇಪು ಹಿಡಿದು ಎಷ್ಟೋ ಜನರ ಉದ್ದ ಅಗಲ ಅಳೆದಿದ್ದವನು. ಯಾರ ಭಾರವನ್ನೂ ಎತ್ತಿ ನೋಡಿರಲಿಲ್ಲ. ಅವನ ಅಂಗಡಿಯ ಪೆಟ್ಟಿಗೆಗಳು ಹಗ್ಗದ ಮೇಲೆ ಇಳಿದುಹೋಗುತ್ತಿದ್ದವು, ಮಕ್ಕಳು ದೂರ ನಿಂತು ಒಂದು ಹಿಡಿ ಮಣ್ಣು ಹಾಕಿ ಕೈ ಝಾಡಿಸಿಕೊಳ್ಳುತ್ತಿದ್ದರು. ಈಗ ಅಮ್ಮ ಅವನ ತೋಳಿನ ಮೇಲೆ ಬಂದಳು. ತೀರಾ ಹಗುರವಾಗಿದ್ದಳು. ಮಲಗಿಸಬೇಕು ಎಂದು ಗೊತ್ತಿದ್ದರೂ ಅವನು ಮಲಗಿಸಲಿಲ್ಲ. ಎದೆಗೆ ಒತ್ತಿಕೊಂಡು ನಿಂತೇ ಇದ್ದ. ಯಾರೂ ಅವಸರ ಮಾಡಲಿಲ್ಲ. ಫಾದರ್ ಪ್ರಾರ್ಥನೆಯನ್ನು ಅಲ್ಲಿಗೇ ನಿಲ್ಲಿಸಿ ಕಾದರು. ಆಮೇಲೆ ಅವನು ಮಂಡಿಯೂರಿ ಅವಳನ್ನು ಮಣ್ಣಿನ ಮೇಲೆ ಇಟ್ಟು, ತಲೆಯ ಬಳಿ ಬಟ್ಟೆ ಸರಿಮಾಡಿದ.

ಎದ್ದು ನಿಂತರೆ ಹತ್ತುವುದು ಹೇಗೆ? ಮೆಟ್ಟಿಲಿಲ್ಲ. ಗೋಡೆ ನುಣುಪು. ಊರಿಗೆಲ್ಲ ಕೊಟ್ಟು ಅಭ್ಯಾಸವಿದ್ದ, ಯಾರನ್ನೂ ಏನೂ ಬೇಡಿ ಗೊತ್ತಿಲ್ಲದ ಸಾಹುಕಾರ ತಲೆಯೆತ್ತಿ, "ಯಾರಾದ್ರೂ ಕೈ ಕೊಡ್ರಪ್ಪಾ," ಎಂದ. ಎಷ್ಟೋ ಕೈಗಳು ಒಟ್ಟಿಗೆ ಬಂದವು. ಯಾರದು ಯಾವುದು ಎಂದು ನೋಡದೆ ಸಿಕ್ಕಿದ್ದನ್ನು ಹಿಡಿದು ಮೇಲೆ ಬಂದ.

ಖಾಲಿ ಪೆಟ್ಟಿಗೆಯ ಮುಂದಿನ ಕುಣಿಕೆಗೆ ಅವನೇ ಕೈ ಹಾಕಿದ. ದಾರಿ ಅವನ ಅಂಗಡಿಯ ಮುಂದೆಯೇ ಹೋಗುತ್ತಿತ್ತು. ಬರಿಗಾಲು, ಮಣ್ಣು ಮೆತ್ತಿದ ಅಂಗಿ. ಬೀದಿಯ ಅಂಗಡಿಯವರು ಎದ್ದು ನಿಂತರು. ನಗುತ್ತಾರೆ ಅಂದುಕೊಂಡಿದ್ದ, ಯಾರೂ ನಗಲಿಲ್ಲ. ಇಸ್ತ್ರಿಯವಳು ಬಂದು ಪಕ್ಕದ ಕುಣಿಕೆ ಹಿಡಿದಳು.

"ನಾಳೆ ಬಾಮ್ಮ," ಎಂದ ಸಾಹುಕಾರ ತಗ್ಗಿದ ದನಿಯಲ್ಲಿ. "ನೀನು ಮಾರಿದ್ದು ಯಾರ ಹತ್ರ ಇದೆ ಅಂತ ಹುಡುಕಿ ಬಿಡಿಸ್ಕೊಂಡು ಬರೋಣ. ತಪ್ಪು ನಂದು."

"ಆಯ್ತಣ್ಣ. ಈಗ ಪೆಟ್ಟಿಗೆ ನೆಟ್ಟಗೆ ಹಿಡ್ಕೊಳಿ, ನಿಮ್ಮ ಕಡೆ ವಾಲ್ತಿದೆ," ಎಂದಳು ಅವಳು.

ಗಂಟೆಗೋಪುರದ ಕೋಣೆಯಲ್ಲಿ ಅವನು ಪೆಟ್ಟಿಗೆಯನ್ನು ಮೊದಲು ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದಾಗ ಬಾಗಿಲಲ್ಲಿ ಔಷಧಿ ಅಂಗಡಿಯ ಹಿರಿಯರು ನಿಂತಿದ್ದರು. ಸಾಹುಕಾರನ ಬಳಿ ತಮಗೆಂದು ಮಹಾಗನಿ ಹೇಳಿಟ್ಟಿದ್ದ ದೊಡ್ಡ ಕುಳ.

"ಸಾಹುಕಾರ್ರೇ, ತಪ್ಪು ತಿಳ್ಕೋಬೇಡಿ. ನಂಗೆ ಆ ಮಹಾಗನಿ ಬೇಡ. ಹೊತ್ತು ಬಂದಾಗ ಇದೇ ಸಾಕು. ನನ್ನ ಮಕ್ಕಳೂ ಒಂದ್ಸಲ ಗುಂಡಿಗಿಳೀಲಿ."

"ಸಾಲಲ್ಲಿ ಬನ್ನಿ ಯಜಮಾನ್ರೇ," ಎಂದಳು ಇಸ್ತ್ರಿಯವಳು. "ನಿಮಗಿಂತ ಮುಂಚೆ ನಾನು ಹೇಳಿಟ್ಟಿದ್ದೀನಿ."

"ಇಬ್ರಿಗೂ ಅವಸರ ಬೇಡ," ಎಂದರು ಫಾದರ್. ಆ ಸಣ್ಣ ಕೋಣೆಯಲ್ಲಿ ಎಲ್ಲರೂ ನಕ್ಕರು, ಸಾವಿನ ದಿನ ಎಂಬುದನ್ನೂ ಮರೆತು.

ಸಾಹುಕಾರ ಒರೆಸುವ ಬಟ್ಟೆ ಹಿಡಿದುಕೊಂಡು ಹೆಂಡತಿಯ ಕಡೆ ತಿರುಗಿದ. "ನೋಡಿದ್ಯೇನೇ? ಹೋಗ್ತಾ ಹೋಗ್ತಾ ನಮ್ಮಮ್ಮ ನನ್ನ ಅಂಗಡೀನೇ ದಾನ ಮಾಡ್ಬಿಟ್ಳು!" ಎಂದ. ತನ್ನ ತಾಯಿಯ ಬಗ್ಗೆ ಇಷ್ಟು ಹೆಮ್ಮೆಯಿಂದ ಅವನು ಹಿಂದೆಂದೂ ಮಾತಾಡಿರಲಿಲ್ಲ. ಹೇಳಿ ಮುಗಿಸುವುದರೊಳಗೆ ಗಟ್ಟಿಯಾಗಿ ಅಳತೊಡಗಿದ.