ಬಾಗಿಲ ಸುತ್ತಿನ ಜಾಲರಿ

ಅಂಟಾರ್ಟಿಕಾದ ಸಮುದ್ರತಳದಿಂದ ಬಂದ ಉಗುರಗಲದ ಚೂರೊಂದನ್ನು ಗುರುತಿಸುವ ಕೆಲಸ ನನ್ನ ತಲೆಗೆ ಬಿತ್ತು. ಅದರ ಹೆಸರು ಬ್ರಯೋಜೋವ. ನೋಡಲು ಒಣಗಿದ ಪಾಚಿ. ಅಸಲಿಗೆ ನೂರಾರು ಪುಟ್ಟ ಪ್ರಾಣಿಗಳ ವಠಾರ. ಒಂದೊಂದಕ್ಕೂ ಸುಣ್ಣದ ಒಂದೊಂದು ಖೋಲಿ, ಖೋಲಿಗೊಂದು ಬಾಗಿಲು. ಬಾಗಿಲಿನ ಆಕಾರ ನೋಡಿ ಯಾವ ಪ್ರಭೇದವೆಂದು ಹೇಳಬೇಕು. ಡೊಂಬಿವಲಿಯ ವಠಾರದಲ್ಲಿ ಬೆಳೆದವಳಿಗೆ ಇದೇನೂ ಹೊಸ ವಿದ್ಯೆಯಲ್ಲ.

ನನ್ನ ಚೂರಿನಲ್ಲಿ ಪ್ರತಿ ಬಾಗಿಲ ಸುತ್ತಲೂ ತೆಳುವಾದ ಜಾಲರಿಯಿತ್ತು. ಅಂಥದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. "ಹೊಸ ಪ್ರಭೇದ ಇರಬಹುದು" ಎಂದು ಸಾನಪಾಡಾದ ಲ್ಯಾಬಿನಿಂದ ಅಮ್ಮನಿಗೆ ಫೋನ್ ಮಾಡಿದೆ. ಆ 'ಇರಬಹುದು' ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ಇಳಿದುಹೋಗಿರಬೇಕು, ಡೊಂಬಿವಲಿ ತಲುಪಲೇ ಇಲ್ಲ.

ಸಂಜೆಗೇ ಕನ್ನಡ ಸಂಘದ ಅಧ್ಯಕ್ಷ, ಎಂಐಡಿಸಿ ಕಾರ್ಖಾನೆಗಳ ಬಳಿ ಹೋಟೆಲ್ ನಡೆಸುವ ಯಶ್ವಂತಣ್ಣನ ಫೋನು.

"ಪ್ರಣೀತಾ, ಭಾನುವಾರ ನಿನಗೆ ಸನ್ಮಾನ ಉಂಟು. ಬ್ಯಾನರ್ ಪ್ರಿಂಟಿಗೆ ಕೊಟ್ಟಾಯ್ತು. ಪ್ರಾಣಿಗೆ ನಮ್ಮ ಸಂಘದ ಹೆಸರೇ ಇಡು, ಆಯ್ತಾ?"

ಶನಿವಾರ ಚೂರನ್ನು ಬ್ಲೀಚಿನಲ್ಲಿ ಮುಳುಗಿಸಿದೆ. ಮಾಂಸವೆಲ್ಲ ಕರಗಿ ಸುಣ್ಣದ ಗೂಡಷ್ಟೇ ಉಳಿದರೆ ಗುರುತು ಖಚಿತ. ನಮ್ಮ ಕೆಲಸದ ಕ್ರಮವೇ ಅದು. ಮಾಂಸದ ಜೊತೆ ಜಾಲರಿಯೂ ಕರಗಿತು. ಅದು ಬರೀ ಒಣಗಿದ ಚರ್ಮ! ಉಳಿದದ್ದು ಎಲ್ಲ ಪುಸ್ತಕಗಳಲ್ಲೂ ಇರುವ ಹಳೆಯ ಬಾಗಿಲು. ಲ್ಯಾಬಿನಲ್ಲೇ ಕೂತು ಅತ್ತೂಬಿಟ್ಟೆ. ಬಾಯಿ ಮುಚ್ಚಿಕೊಂಡರೆ ಅಮ್ಮನ ಮಾನ ಉಳಿಯುತ್ತದೆ, ನನ್ನ ಕೆಲಸದ ಮಾನ ಹೋಗುತ್ತದೆ.

ಭಾನುವಾರ ಅಮ್ಮ ಮದುವೆಗಳಿಗೆ ಮಾತ್ರ ಉಡುವ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ಪ್ರಾಣಿಯ ಬಗ್ಗೆ ಒಂದಕ್ಷರ ತಿಳಿಯದ ನಾಲ್ವರು ಅದರ ಬಗ್ಗೆ ಭಾಷಣ ಮಾಡಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ಮೈಕ್ ನನ್ನ ಕೈಗೆ ಬಂತು.

"ಕ್ಷಮಿಸಿ, ಇದು ಹೊಸ ಪ್ರಭೇದ ಅಲ್ಲ. ನಿನ್ನೆ ತೊಳೆದು ನೋಡಿದೆ."

ಯಶ್ವಂತಣ್ಣ ಮೈಕ್ ಕಿತ್ತುಕೊಂಡರು.

"ನಮ್ಮ ಹುಡುಗಿಯ ವಿನಯ ನೋಡಿ! ಜೋರು ಚಪ್ಪಾಳೆ!"

ಚಪ್ಪಾಳೆ ಜೋರಾಗಿಯೇ ಬಿತ್ತು. ನಿಜ ಹೇಳಿದ್ದಕ್ಕೆ ಇಂಥ ಶಿಕ್ಷೆ ನಾನು ಎಲ್ಲೂ ಕಂಡಿಲ್ಲ. ಕೈ ತಟ್ಟದೆ ಕೂತವರು ಅಮ್ಮ ಒಬ್ಬರೇ. ಅವರಿಗೆ ಅರ್ಥವಾಗಿತ್ತು.

ರಿಕ್ಷಾದಲ್ಲಿ ಅಮ್ಮ ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಿಜ ಹೇಳಿದ ಮಗಳ ಬೆನ್ನು ತಟ್ಟುತ್ತಾರೆಂದು ನಾನು ಕಾದೆ.

"ತೊಳಿಲಿಕ್ಕೆ ಎಂಥ ಅವಸರ ಇತ್ತು ಮಾರಾಯ್ತಿ?" ಎಂದರು ಅಮ್ಮ. "ಸೋಮವಾರ ತೊಳಿಬಹುದಿತ್ತಲ್ಲ."