ಆರದ ನಕ್ಷತ್ರ

2018 ನವೆಂಬರ್ 14, ಸಂಜೆ 7 ಗಂಟೆ 12 ನಿಮಿಷ. ನೆಪ್ಚೂನ್‌ನಿಂದಾಚೆಯ ಪುಟ್ಟ ಹಿಮಕಾಯವೊಂದು ಇನ್ನೆರಡು ನಿಮಿಷದಲ್ಲಿ ಒಂದು ನಕ್ಷತ್ರವನ್ನು ಮರೆಮಾಡಬೇಕಿತ್ತು. ಎಷ್ಟು ಸೆಕೆಂಡ್ ಮರೆಯಾಯಿತೆಂಬುದರಿಂದ ಆ ಕಾಯದ ಅಗಲ ತಿಳಿಯುತ್ತದೆ. ಖಗೋಳಜ್ಞೆಯೊಬ್ಬಳು ಶಾಲೆಯೊಂದರ ತಾರಸಿಯಲ್ಲಿ ದೂರದರ್ಶಕ ಹೂಡಿ ಕಾಯುತ್ತಿದ್ದಳು. ಕಾಯದ ನೆರಳು ಈ ತಾರಸಿಯ ಮೇಲೇ ಹಾಯುತ್ತದೆಂದು ಲೆಕ್ಕ ಹಾಕಿದ್ದವನು ಅವಳ ಗಂಡ. ಆಸ್ಪತ್ರೆಯ ಹಾಸಿಗೆಯಲ್ಲಿ, ತನ್ನ ಕೊನೆಯ ವಾರದಲ್ಲಿ. ಜೊತೆಯ ಖಗೋಳಜ್ಞರೆಲ್ಲ ಅದನ್ನು ನಂಬದೆ, ನೆರಳು ಬೀಳುವುದು ಅಲ್ಲೇ ಎಂದು ದಕ್ಷಿಣಕ್ಕೆ ಹೋಗಿದ್ದರು.

ಅವಳೂ ಮೈದುನನೂ ದೂರದರ್ಶಕದ ಪರದೆಗೆ ಕಣ್ಣು ನೆಟ್ಟು ಕೂತರು. ನಕ್ಷತ್ರ ಒಮ್ಮೆ ಮಿಣುಕಿತು. ಹತ್ತು ನಿಮಿಷ ಕಳೆದರೂ ಆರಲಿಲ್ಲ.

"ಅತ್ತಿಗೆ, ಒಂದ್ಸಲ ಮಂಕಾಯ್ತಲ್ಲ, ಅರ್ಧ ಸೆಕೆಂಡ್ ಅಂತ ಬರೆದುಬಿಡಿ. ಅಣ್ಣನ ಮರ್ಯಾದೆ ಉಳಿಯುತ್ತೆ."

"ಅದು ಗಾಳಿಯಾಟ ಕಣೋ, ಪಕ್ಕದ ನಕ್ಷತ್ರಾನೂ ಮಿಣುಕಿತು. ಸುಳ್ಳು ಬರೆದ್ರೆ ನಿಮ್ಮಣ್ಣ ನನ್ನ ಕಿವಿ ಹಿಂಡದೆ ಬಿಡ್ತಾರಾ?"

"ಎದ್ದು ಬಂದು ಹಿಂಡಲಿ, ನೋಡೋಣ," ಎಂದವನು ಪರದೆಯಿಂದ ಮುಖ ತಿರುಗಿಸಿದ.

ನೆರಳು ಬೀಳದ ಜಾಗದ ವರದಿಯೂ ಬೇಕು. ಕಾಯದ ಅಂಚು ಇಲ್ಲಿಯವರೆಗೆ ಚಾಚಿಲ್ಲವೆಂದು ತಿಳಿಸುವುದು ಅದೇ. ಇದನ್ನು ಅವಳಿಗೆ ಕಲಿಸಿದವನೂ ಅವನೇ. ವರದಿಯಲ್ಲಿ ಲೆಕ್ಕ ಯಾರದೆಂದು ಕೇಳಿದ್ದಲ್ಲಿ ಅವಳು ಗಂಡನ ಹೆಸರು ಬರೆದಳು. ಕಣ್ಣೊರೆಸಿಕೊಂಡು ಅದರ ಕೆಳಗಿನ ಸಾಲಿನಲ್ಲಿ ಅಂಕಿ ತುಂಬಿದಳು. ನಕ್ಷತ್ರ ಮರೆಯಾದ ಅವಧಿ: 0.0 ಸೆಕೆಂಡ್.