ನೀರು ಯಾರ ಪಾಲು

"ಹತ್ತೇ ಮ್ಯಾಕೆ! ಹಂದಿನಾದ್ರೂ ಒಂದೇ ಏಟಿಗೆ ತಕ್ಕಡಿ ಹತ್ತಿಸ್ಬೋದು, ನಿನ್ನ ಹತ್ತಿಸಾಕಾಗಲ್ವಲ್ಲೇ!"

ಪಾದ್ರಿ ಫಲನಿಕೊ ಹೀಗೆ ಕೂಗಿದ್ದು ನನ್ನ ಅಕ್ಕ ಟಿಲೊಮಾಯಿಗೆ. ಅವಳಿಗಿರುವುದು ಒಂದೇ ಕಾಲು. ಇನ್ನೊಂದನ್ನು ಸಕ್ಕರೆ ಕಾಯಿಲೆ ಕೊಳೆಸಿತು, ಪಟ್ಟಣದ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ತೆಗೆದರು. ಉಳಿದ ಕಾಲಿನ ಹಿಮ್ಮಡಿಯಲ್ಲೂ ಈಗ ಹುಣ್ಣು. ಊರುಗೋಲನ್ನು ನನ್ನ ಕೈಗೆ ಕೊಟ್ಟು, ನನ್ನ ಹೆಗಲು ಹಿಡಿದು ಹತ್ತಿದಳು. ಅದು ಚರ್ಚಿನ ಹಿಂದೆ ಕೊಬ್ಬರಿ ಮೂಟೆ ತೂಗುವ ತಕ್ಕಡಿ. ಡಾಕ್ಟರು ತಂದಿದ್ದ ಗಾಜಿನ ತಕ್ಕಡಿ ಮೊದಲನೇ ತಿಂಗಳೇ ನಮ್ಮ ಭಾರಕ್ಕೆ ಬಿರುಕು ಬಿಟ್ಟಿತ್ತು. ಅದನ್ನು ಹೇಳಿಕೊಂಡು ಪಾದ್ರಿ ಇವತ್ತಿಗೂ ನಗುತ್ತಾನೆ.

ನಮ್ಮೂರಿಗೆ ಹೊಸ ಔಷಧಿ ತಂದಿದ್ದ ಡಾಕ್ಟರ್ ಹಾರ್ಗ್ರೀವ್ ಇಂಗ್ಲಿಷಿನಲ್ಲಿ ಹತ್ತು ಮಾತು ಆಡಿದರು. ಪಾದ್ರಿ ಅದನ್ನು ನಮಗೆ ಒಂದೇ ಮಾತಿನಲ್ಲಿ ಮುಗಿಸಿದ. "ದೇವ್ರು ಒಳ್ಳೇದು ಮಾಡ್ತಾನೆ, ಕಮ್ಮಿ ತಿನ್ನಿ."

ಆಕ್ಲೆಂಡಿನ ಹೋಟೆಲಿನಲ್ಲಿ ನಾಲ್ಕು ವರ್ಷ ಹಾಸಿಗೆ ಬಟ್ಟೆ ಒಗೆದವಳು ನಾನು. ಇಂಗ್ಲಿಷ್ ಓದಲು ಬರುವುದಿಲ್ಲ, ಕಿವಿಗೆ ಬಿದ್ದರೆ ತಿಳಿಯುತ್ತದೆ. ಸವಾಯಿ ದ್ವೀಪದ ಈ ಮೂಲೆಯಲ್ಲಿ ಕೆಸವಿನ ಗೆಡ್ಡೆ ಅಗೆಯುವ ಈ ಸಲಫಾಯಿಗೆ ಇಂಗ್ಲಿಷ್ ಬರುತ್ತದೆಂದು ಪಾದ್ರಿಗೆ ಗೊತ್ತಿಲ್ಲ. ನಾನೂ ಹೇಳಲು ಹೋಗಿರಲಿಲ್ಲ.

ಔಷಧಿಯ ಕಥೆಯನ್ನು ಐದು ತಿಂಗಳ ಹಿಂದೆ ಪಾದ್ರಿಯೇ ಪೀಠದ ಮೇಲೆ ನಿಂತು ಸಾರಿದ್ದ. ಉಂಡ ಮೇಲೆ ನಮ್ಮ ಕರುಳು "ಸಾಕು" ಅಂತ ತಲೆಗೆ ಹೇಳಿ ಕಳಿಸುತ್ತದಂತೆ. ಈ ಔಷಧಿ ಆ ಕರುಳಿನ ದನಿಯನ್ನೇ ಅಣಕಿಸಿ "ಸಾಕು, ಸಾಕು" ಅನ್ನುತ್ತದಂತೆ. ಹಸಿವು ಅಡಗುತ್ತದೆ, ಸಕ್ಕರೆ ಇಳಿಯುತ್ತದೆ, ಕಾಲು ಉಳಿಯುತ್ತದೆ. ರುಜು ಹಾಕಿದವರಿಗೆಲ್ಲ ವಾರಕ್ಕೊಂದು, ಹೊಟ್ಟೆಗೆ ಚುಚ್ಚಿಕೊಳ್ಳುವ ಸೂಜಿ ಪೆನ್ನು. ನನ್ನ ಕರುಳಿನ ದನಿ ಇವರ ಕೈಗೆ ಹೇಗೆ ಸಿಕ್ಕಿತು ಎಂದು ನನಗೆ ಅವತ್ತೇ ಅನುಮಾನ. ಆದರೆ ಅಕ್ಕನ ಹಿಮ್ಮಡಿ ನೋಡಿಕೊಂಡು ರುಜು ಹಾಕಿದೆ. ಕಾಗದದಲ್ಲಿ ಏನು ಬರೆದಿತ್ತೋ, ಆ ಪಾದ್ರಿಗೇ ಗೊತ್ತು.

ಪೆನ್ನುಗಳು ಇರುತ್ತಿದ್ದುದು ಅವನ ಮನೆಯ ಫ್ರಿಜ್ಜಿನಲ್ಲಿ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚೀಟಿಯ ನಂಬರು ನೋಡಿ ಒಬ್ಬೊಬ್ಬರಿಗೂ ಅವರವರದನ್ನು ಕೊಡುತ್ತಿದ್ದ. ರುಜು ಹಾಕದ ಅವನ ಹೆಂಡತಿಯ ಬಿಳಿ ಗೌನು ಮಾತ್ರ ತಿಂಗಳಿಂದ ತಿಂಗಳಿಗೆ ಸಡಿಲವಾಗುತ್ತಿತ್ತು. "ಆಯಮ್ಮಂಗೆ ಪ್ರಾರ್ಥನೆಲೇ ಕೊಬ್ಬು ಕರಗೈತೆ ಕಣ್ರೇ" ಎಂದು ಹೆಂಗಸರು ಮುಸಿಮುಸಿ ನಗುತ್ತಿದ್ದರು.

ಒಂದು ಭಾನುವಾರದ ಊಟಕ್ಕೆ ಕುಳಿತಿದ್ದೆವು. ಬಿಸಿ ಕಲ್ಲಿನ ಒಲೆಯಿಂದ ಆಗತಾನೆ ತೆಗೆದ ಹಂದಿ, ತೆಂಗಿನ ಹಾಲು ತುಂಬಿ ಬೇಯಿಸಿದ ಕೆಸವಿನ ಎಲೆ. ಎರಡು ತುತ್ತಿಗೇ ನನಗೆ ಹೊಟ್ಟೆ ತೊಳೆಸಿತು. ಅಕ್ಕ ತನ್ನದನ್ನು ಮುಗಿಸಿ ನನ್ನ ಎಲೆಗೂ ಕೈ ಹಾಕಿದಳು.

"ಅಕ್ಕಾ, ನಿಂಗೆ ವಾಕರಿಕೆ ಬರಲ್ವಾ?"

"ನಂಗ್ಯಾಕೆ ಬಂದಾತು? ಮೊದ್ಲಿಗಿಂತ ಜಾಸ್ತೀನೇ ಹಸೀತದೆ."

"ಹುಣ್ಣು?"

"ಹಂಗೇ ಸೋರ್ತಾ ಅದೆ."

ನಾನು ಇಳಿದು ಸೊಂಟದ ಬಟ್ಟೆ ಎರಡು ಸುತ್ತು ಹೆಚ್ಚು ಬರುತ್ತಿತ್ತು, ಅಕ್ಕನ ಮೈ ಹಾಗೇ ಇತ್ತು. ಇಬ್ಬರದೂ ಒಂದೇ ಫ್ರಿಜ್ಜು, ಒಂದೇ ಥರದ ಪೆನ್ನು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿನ್ನ ಪೆನ್ನಲ್ಲಿ ಮದ್ದಿಲ್ಲ ಕಣಕ್ಕಾ. ನನ್ ಮಕ್ಳು, ನಿಂಗೆ ಬರೀ ನೀರು ಚುಚ್ಚುಸ್ತಾವ್ರೆ."

"ಥೂ, ಬಿಡ್ತು ಅನ್ನು! ದೇವ್ರ ಮನೇಲಿ ನೀರು ಕೊಟ್ಟಾರಾ?"

ಮುಂದಿನ ಭಾನುವಾರ ದಾರಿಯಲ್ಲಿ ನನ್ನ ಪೆನ್ನನ್ನು ಅವಳ ಮಡಿಲಿಗೆ ಹಾಕಿದೆ, ಅವಳದನ್ನು ನಾನು ತೆಗೆದುಕೊಂಡೆ. ಆಮೇಲೆ ವಾರವಾರವೂ ಹೀಗೇ. ಇದನ್ನು ಕಳ್ಳತನವೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಮೀನು ಸಿಕ್ಕರೂ ಅದು ಹಿಡಿದವನದಲ್ಲ, ಮನೆಯದು. ಯಾರಿಗೆ ಬೇಕೋ ಅವರಿಗೆ ಪಾಲು. ನಮ್ಮಲ್ಲಿ ಯಾರೂ ಇದನ್ನು ಕೇಳಿ ಕಲಿಯುವುದಿಲ್ಲ.

ಮೂರು ತಿಂಗಳಿಗೆ ಅಕ್ಕನ ಹಿಮ್ಮಡಿಯ ಹುಣ್ಣು ಅಂಚಿನಿಂದ ಒಣಗುತ್ತಾ ಬಂತು. ಒಂದು ಬೆಳಿಗ್ಗೆ ಅವಳು ಊರುಗೋಲು ಹಿಡಿದು ತಾನಾಗಿಯೇ ಸಮುದ್ರದವರೆಗೆ ಹೋಗಿ ಬಂದಳು. ನಾನು ಅವಳ ಹಿಂದೆ ಹಿಂದೆ ಅಳುತ್ತಾ ನಡೆದೆ.

ಮತ್ತೆ ತೂಕದ ದಿನ ಬಂತು. ಡಾಕ್ಟರು ಕಂಪ್ಯೂಟರ್ ಪರದೆಯ ಮೇಲಿನ ತೂಕದ ಗೆರೆಗಳನ್ನು ನೋಡಿ ಹುಬ್ಬು ಗಂಟು ಹಾಕಿದರು. ನನ್ನ ಗೆರೆ ಏರಿತ್ತು, ಅಕ್ಕನದು ಇಳಿದಿತ್ತು. ಅವರು ಕೇಳಿದ್ದನ್ನು ಪಾದ್ರಿ ನಮ್ಮ ಮುಖಕ್ಕೆ ಉಗಿದ.

"ಅದಲು ಬದಲು ಮಾಡ್ಕಂಡ್ರಾ, ಕಳ್ ಮುಂಡೇವಾ? ಬಾಯಿ ಬಿಡಿ!"

"ಕೊಟ್ಟೆ ಪಾದ್ರಿಯೋರೆ. ನಮ್ಮಕ್ಕಂಗೆ ತಾನೆ ಕೊಟ್ಟಿದ್ದು?"

ಡಾಕ್ಟರು ಪೆನ್ಸಿಲ್ ಕೆಳಗಿಟ್ಟರು. ಅವರು ಕೂಗಾಡಲಿಲ್ಲ. ಇಂಗ್ಲಿಷಿನಲ್ಲಿ ಪಾದ್ರಿಗೆ ಹೇಳಿದರು: "ಇಬ್ಬರನ್ನೂ ಕೈಬಿಡಬೇಕಾಗುತ್ತದೆ. ನೀರಿನ ಗುಂಪು ನೀರಿನಲ್ಲೇ ಇರಬೇಕು, ಇಲ್ಲವಾದರೆ ಔಷಧಿಯನ್ನು ಯಾವುದಕ್ಕೆ ಹೋಲಿಸುವುದು? ಸಹಿ ಹಾಕಿಸುವಾಗ ಇದನ್ನೆಲ್ಲ ಇವರಿಗೆ ಹೇಳಿದ್ದಿರಿ ತಾನೆ?"

"ಒಂದೊಂದು ಅಕ್ಷರವನ್ನೂ ಓದಿ ಹೇಳಿದ್ದೇನೆ" ಎಂದ ಪಾದ್ರಿ, ಇಂಗ್ಲಿಷಿನಲ್ಲಿ. ನಮ್ಮ ಕಡೆ ತಿರುಗಿ, "ನಿಮಗೋಸ್ಕರ ಡಾಕ್ಟ್ರು ಪ್ರಾರ್ಥನೆ ಮಾಡ್ತಾರಂತೆ. ನಾಳೆಯಿಂದ ಪೆನ್ನಿಗೆ ಬರ್ಬೇಡಿ" ಎಂದ.

"ಎಷ್ಟು ಜನಕ್ಕೆ ನೀರು?" ಎಂದು ನಾನು ಇಂಗ್ಲಿಷಿನಲ್ಲೇ ಡಾಕ್ಟರನ್ನು ಕೇಳಿದೆ.

ಪಾದ್ರಿಯ ಬಾಯಿ ತೆರೆದದ್ದು ಹಾಗೇ ಇತ್ತು.

"ಅರ್ಧ ಜನಕ್ಕೆ" ಎಂದರು ಡಾಕ್ಟರು. "ಯಾರಿಗೆ ಅಂತ ನನಗೂ ಗೊತ್ತಿಲ್ಲ. ಗೊತ್ತಿರಬಾರದು, ಗೊತ್ತಾದರೆ ನನ್ನ ಲೆಕ್ಕ ಒಂದು ಕಡೆ ವಾಲುತ್ತದೆ."

"ಮುಗಿದ ಮೇಲೆ ಎಲ್ಲರಿಗೂ ಮದ್ದು ಕೊಡುತ್ತೀರಾ?"

ಅವರು ಕೆಳಗಿಟ್ಟ ಪೆನ್ಸಿಲನ್ನು ಮತ್ತೆ ಎತ್ತಿಕೊಂಡರು. "ಇನ್ನು ಮೂರು ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಈ ಔಷಧಿ ಇಲ್ಲಿಗೆ ಬರುವ ಯೋಚನೆ ಇಲ್ಲ."

ಇದನ್ನು ನಾನು ಅಲ್ಲೇ ನಿಂತು ತೂಕಕ್ಕೆ ಬಂದಿದ್ದ ಎಲ್ಲ ಹೆಂಗಸರಿಗೂ ನಮ್ಮ ಮಾತಿನಲ್ಲಿ ಹೇಳಿದೆ, ಒಂದಕ್ಷರ ಬಿಡದೆ. ಡಾಕ್ಟರಿಗೇ ಗೊತ್ತಿಲ್ಲ ಅನ್ನುವುದನ್ನು ಯಾರೂ ನಂಬಲಿಲ್ಲ. ನನಗೂ ಇವತ್ತಿಗೂ ನಂಬಿಕೆಯಿಲ್ಲ.

ಪೆನ್ನು ನಿಂತು ಐದು ವಾರಕ್ಕೆ ಅಕ್ಕನ ಹಿಮ್ಮಡಿ ಮತ್ತೆ ಬಾಯಿ ತೆರೆಯಿತು. ಸಂಜೆ ಹುಣ್ಣಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ವಾಸನೆ ಬಂತು. ಕತ್ತರಿಸಿದ ಕಾಲಿನ ವಾಸನೆ ನಮ್ಮಿಬ್ಬರಿಗೂ ನೆನಪಿತ್ತು.

"ಇದೂ ಹೋಯ್ತದೆ ಸಲಫಾಯಿ" ಎಂದಳು ಅಕ್ಕ. "ಆಮ್ಯಾಕೆ ನನ್ನ ಮೂಟೆ ಹೊತ್ತಂಗೆ ಹೊತ್ಕಂಡ್ ತಿರುಗ್ಬೇಕಾಯ್ತದೆ ನೀನು."

ನಾನು ನೆಟ್ಟಗೆ ಹೆಂಗಸರ ಸಂಘದ ಹಿರಿಯಳು ಫಿಯಾಸಿಲಿ ಅಜ್ಜಿಯ ಹತ್ತಿರ ಹೋದೆ.

ತಿಂಗಳಿಗೊಮ್ಮೆ ಸಂಘದವರು ಮನೆಮನೆ ತಪಾಸಣೆ ಮಾಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಚಾಪೆ, ಸೊಳ್ಳೆಪರದೆ, ಪಾತ್ರೆ ಎಲ್ಲವನ್ನೂ ಹೊರಗೆ ಹರಡಬೇಕು. ಕೊಳೆ ಕಂಡರೆ ಊರ ಮುಂದೆ ಬೈಗುಳ. ಪಾದ್ರಿ ಮನೆಯೊಂದಕ್ಕೆ ಮಾತ್ರ ತಪಾಸಣೆಯಿಲ್ಲ. ಅಜ್ಜಿ ಹುಟ್ಟಿದಾಗಿನಿಂದ ಇಲ್ಲ.

ಆ ತಿಂಗಳು ತಪಾಸಣೆ ಬಿದ್ದಿದ್ದು ತೂಕದ ದಿನವೇ. ಅಜ್ಜಿ ಕೋಲೂರಿಕೊಂಡು ನೇರವಾಗಿ ಪಾದ್ರಿಯ ಜಗಲಿ ಹತ್ತಿದಳು. ಹಿಂದೆ ನಾವೆಲ್ಲ.

"ಏನಮ್ಮಾ ಇದು? ಇದು ದೇವರ ಸೇವಕನ ಮನೆ!"

"ದೇವ್ರ ಮನೇಲೂ ಜಿರಳೆ ಇರ್ತವೆ ಕಣಪ್ಪ" ಎಂದಳು ಅಜ್ಜಿ. "ಸರ್ಕಂಡ್ ನಿಂತ್ಕೋ. ಲೇ ಸಲಫಾಯಿ, ಆ ಫ್ರಿಜ್ ತಗಿ."

ಪಾದ್ರಿ ಅಡ್ಡ ಬಂದ, ಅಜ್ಜಿ ಕೋಲಿನಿಂದ ಅವನನ್ನು ಪಕ್ಕಕ್ಕೆ ಸರಿಸಿದಳು. ಅವನ ಹೆಂಡತಿ ಗೋಡೆಗೆ ಒತ್ತಿಕೊಂಡು ನಿಂತಳು, ಗೌನಿನ ಸೊಂಟಕ್ಕೆ ಪಿನ್ನು ಚುಚ್ಚಿತ್ತು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಪೆನ್ನುಗಳ ಡಬ್ಬ ಎತ್ತಿಕೊಂಡು ಬಂದು ಚರ್ಚಿನ ಮುಂದೆ ಚಾಪೆ ಹಾಸಿದೆವು. ಗೆಡ್ಡೆ ಹೆರೆಯುವ ತೆಂಗಿನ ಚಿಪ್ಪು ಎಲ್ಲರ ಸೊಂಟದ ಬಟ್ಟೆಯಲ್ಲೂ ಇತ್ತು. ಸುತ್ತಲೂ ಕುಳಿತು, ಯಾವುದೂ ಒಬ್ಬರದೆಂದು ಉಳಿಯದಂತೆ ಒಂದೊಂದೇ ಪೆನ್ನಿನ ಚೀಟಿ ಹೆರೆದು ಬುಟ್ಟಿಗೆ ಹಾಕುತ್ತಾ ಹೋದೆವು. ನಂಬರು, ಹೆಸರು, ಎಲ್ಲ ಪುಡಿಪುಡಿಯಾಗಿ ಮಡಿಲಿಗೆ ಉದುರಿತು.

ಡಾಕ್ಟರ ಗಾಡಿ ಬಂದು ನಿಂತಾಗ ಕೊನೆಯ ಪೆನ್ನು ನನ್ನ ಕೈಯಲ್ಲಿತ್ತು.

"ಅಯ್ಯೋ, ಏನು ಮಾಡಿದಿರಿ!" ಅವರು ಓಡಿಬಂದು ಬುಟ್ಟಿಯ ಮುಂದೆ ಮಂಡಿಯೂರಿದರು. ಈ ಸಲ ಪಾದ್ರಿಯನ್ನಲ್ಲ, ನನ್ನನ್ನು ಕೇಳಿದರು. "ಯಾವುದು ಯಾರದು? ದಯವಿಟ್ಟು ಹೇಳಿ. ಇಡೀ ವರ್ಷದ ಕೆಲಸ ಇದು."

ಅವರ ಮಾತನ್ನು ನಾನು ಹೆಂಗಸರಿಗೆ ತಿಳಿಸಿದೆ.

"ನಮ್ದು" ಎಂದಳು ಫಿಯಾಸಿಲಿ ಅಜ್ಜಿ.

"ನಮ್ದು" ಎಂದಳು ಪಕ್ಕದವಳು. ಆಮೇಲೆ ಅವಳ ಪಕ್ಕದವಳು.

"ಅರ್ಧದಲ್ಲಿ ಬರೀ ನೀರಿದೆ!" ಎಂದರು ಡಾಕ್ಟರು. "ಈಗ ನಿಮಗೆ ಯಾವುದು ಸಿಗುತ್ತದೋ ಯಾರಿಗೆ ಗೊತ್ತು?"

ಅದನ್ನೂ ತಿಳಿಸಿದೆ. ಟಿಲೊಮಾಯಿ ಹುಣ್ಣಿನ ಕಾಲನ್ನು ಚಾಪೆಯ ಮೇಲೆ ಚಾಚಿ ಕುಳಿತಿದ್ದಳು, ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿಯೇ. ನೊಣ ಮುತ್ತುತ್ತಿದ್ದವು. ಡಾಕ್ಟರು ಆ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿಕೊಂಡರು.

"ನಿಂಗೂ ಗೊತ್ತಿಲ್ಲ ಅಂದ್ಯಲ್ಲಪ್ಪ" ಎಂದಳು ಅಕ್ಕ ಅವರಿಗೆ. "ಈಗ ನಮ್ಗೂ ಗೊತ್ತಿಲ್ಲ."

ಅವಳು ನೋಡದೆಯೇ ಬುಟ್ಟಿಗೆ ಕೈ ಹಾಕಿ ಒಂದು ಪೆನ್ನು ತೆಗೆದಳು. ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಚುಚ್ಚಿಕೊಂಡು, ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿದಳು. ಆಮೇಲೆ ಬುಟ್ಟಿಯನ್ನು ಪಕ್ಕದವಳ ಮುಂದಕ್ಕೆ ತಳ್ಳಿದಳು.